ಕಲಬುರಗಿಯ ನೀರಿನಲ್ಲಿ ಮೊದಲ ಅಕ್ವೇರಿಯಂ: ಮೀನಿಗಿಂತ ಮೊದಲು ಐದು ವಾರ

‘ಏನ್ರೀ, ಮೀನು ಮತ್ತ ಸತ್ತಾವ’ ಎಂಬ ಫೋನು ಬಂದಾಗಲೆಲ್ಲ ಕಥೆ ಹೆಚ್ಚುಕಡಿಮೆ ಒಂದೇ. ಭಾನುವಾರ ಟ್ಯಾಂಕ್, ಕಲ್ಲು, ಫಿಲ್ಟರ್, ಮೀನು ಎಲ್ಲ ಒಟ್ಟಿಗೆ ತಂದರು. ಸಂಜೆಯೇ ನೀರು ತುಂಬಿ ಮೀನು ಬಿಟ್ಟರು. ಮಂಗಳವಾರ ನೀರು ಮಬ್ಬಾಯಿತು. ಬುಧವಾರ ಪೂರ್ತಿ ನೀರು ಚೆಲ್ಲಿ, ಕಲ್ಲು ಉಜ್ಜಿ ತೊಳೆದು, ಹೊಸ ನೀರು ಹಾಕಿದರು. ಶನಿವಾರದ ಹೊತ್ತಿಗೆ ಮೀನು ತೇಲುತ್ತಿದ್ದವು. ಅಂಗಡಿಯಲ್ಲಿ ಒಂದು ನೀಲಿ ಔಷಧ ಕೊಟ್ಟರು, ಜೊತೆಗೆ ಹೊಸ ಮೀನೂ ಕೊಟ್ಟರು. ಮುಂದಿನ ವಾರ ಮತ್ತೆ ಅದೇ ಫೋನು.

ಇಲ್ಲಿ ತಪ್ಪಿದ್ದು ಕ್ರಮ. ಮೀನಿನ ಹೊಲಸು ಮತ್ತು ತಿನ್ನದೆ ಉಳಿದ ಕಾಳು ಕೊಳೆತು ಅಮೋನಿಯಾ ಆಗುತ್ತದೆ. ಮೀನು ಕಿವಿರಿನಿಂದಲೂ ಅಮೋನಿಯಾ ಬಿಡುತ್ತದೆ. ಅದು ವಿಷ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇದು ಸ್ವಲ್ಪ ಇದ್ದರೆ ಮೀನು ತಡೆದುಕೊಳ್ಳುತ್ತವೆ. ಈ ಎರಡೂ ಗುಂಪು ಹೊಸ ಟ್ಯಾಂಕ್‌ನಲ್ಲಿ ಇರುವುದಿಲ್ಲ. ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಟ್ಯಾಂಕ್ ‘ಸೈಕಲ್’ ಮಾಡುವುದು ಅಂದರೆ ಇವನ್ನು ಬೆಳೆಸುವುದು, ಅಷ್ಟೇ.

ನಮ್ಮ ಕಡೆ ಈ ಕೆಲಸ ಬಿಟ್ಟರೆ ಪೆಟ್ಟು ಜಾಸ್ತಿ. ಕಾರಣ ನೀರು. ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) 7 ಇದ್ದಾಗ ಅಮೋನಿಯಾದಲ್ಲಿ ನಿಜವಾಗಿ ಕೊಲ್ಲುವ ರೂಪದ ಪಾಲು ಶೇಕಡ 1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಆ ಪಾಲು ಹತ್ತಿರ ಹತ್ತು ಪಟ್ಟು. ನೀರು ಬಿಸಿಯಾದಷ್ಟೂ ಇನ್ನಷ್ಟು ಏರುತ್ತದೆ. ಕಲಬುರಗಿಯ ಬೋರ್ ನೀರು ಗಡಸು, ಅಂದರೆ ಸುಣ್ಣದಂಥ ಖನಿಜ ಹೆಚ್ಚು, ಅಂಥ ನೀರಿನ ಪಿಎಚ್ ಸಾಮಾನ್ಯವಾಗಿ ಮೇಲೆಯೇ ಇರುತ್ತದೆ. ಬಿಸಿಲಂತೂ ಹೇಳಬೇಕಿಲ್ಲ. ತಣ್ಣನೆಯ ಮೆದು ನೀರಿನ ಊರಿನಲ್ಲಿ ಹೇಗೋ ಬದುಕುವ ಮೀನು ಇಲ್ಲಿ ಬದುಕುವುದಿಲ್ಲ. ಹಾಗಾಗಿ ಕೆಳಗಿನ ಕ್ರಮದಲ್ಲಿ ಮೀನು ಬರುವುದು ಏಳನೆಯ ಹಂತದಲ್ಲಿ.

ಶುರು ಮಾಡಲು ಒಳ್ಳೆಯ ಕಾಲ ಮಳೆ ಇಳಿಯುವ ಹೊತ್ತು. ಗಣಪತಿ ಕೂಡಿಸಿದ ದಿನ ನೀರು ತುಂಬಿದರೆ ಬನ್ನಿ ಕೊಡುವ ದಿನಕ್ಕೆ ಐದು ವಾರ ಆಗಿರುತ್ತದೆ. ಏಪ್ರಿಲ್, ಮೇನಲ್ಲಿ ಮಾತ್ರ ಕೈ ಹಾಕಬೇಡಿ.

ಹಂತ 1: ಟ್ಯಾಂಕ್ ಮತ್ತು ಜಾಗ

ಮೊದಲ ಟ್ಯಾಂಕ್‌ಗೆ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ ಸಾಕು. ಕಲ್ಲು ಹಾಕಿದ ಮೇಲೆ ಸುಮಾರು 50 ಲೀಟರ್ ನೀರು ಹಿಡಿಯುತ್ತದೆ. ಗೋಳದ ಆಕಾರದ ಗಾಜಿನ ಬಟ್ಟಲು ಬೇಡವೇ ಬೇಡ. ನೀರು ಕಡಿಮೆ ಇದ್ದಷ್ಟೂ ವಿಷ ಬೇಗ ಏರುತ್ತದೆ. ದೊಡ್ಡ ಟ್ಯಾಂಕ್ ನೋಡಿಕೊಳ್ಳುವುದೇ ಸುಲಭ, ಚಿಕ್ಕದು ಕಷ್ಟ. ಇದನ್ನು ಯಾರೂ ನಂಬುವುದಿಲ್ಲ.

ತುಂಬಿದ ಟ್ಯಾಂಕ್ 70 ಕಿಲೋ ದಾಟುತ್ತದೆ. ಗೋಡೆಗೆ ಸಿಕ್ಕಿಸಿದ ಕಲ್ಲಿನ ಶೆಲ್ಫ್, ಟಿವಿ ಶೋಕೇಸ್ ಮೇಲೆ ಇಡಬೇಡಿ. ಕಬ್ಬಿಣದ ಸ್ಟ್ಯಾಂಡ್, ಅದರ ಮೇಲೆ ಹಲಗೆ, ಹಲಗೆಯ ಮೇಲೆ ಥರ್ಮಾಕೋಲ್ ಹಾಳೆ, ಅದರ ಮೇಲೆ ಟ್ಯಾಂಕ್. ಥರ್ಮಾಕೋಲ್ ಮರೆತರೆ ಸಣ್ಣ ಹರಳು ಅಡಿಯಲ್ಲಿ ಸಿಕ್ಕಿ ಗಾಜು ಸೀಳುತ್ತದೆ. ಜಾಗಕ್ಕೆ ನೇರ ಬಿಸಿಲು ಬೀಳಬಾರದು. ಪಶ್ಚಿಮದ ಗೋಡೆಗೆ ತಾಗಿಸಿಯೂ ಇಡಬೇಡಿ, ಬೇಸಿಗೆಯ ಸಂಜೆ ಆ ಗೋಡೆ ಕಾವಲಿಯಂತೆ ಕಾದಿರುತ್ತದೆ.

ಇನ್ನೊಂದು ಮಾತು. ಟ್ಯಾಂಕ್ ಇರುವ ಕೋಣೆಯಲ್ಲಿ ಸೊಳ್ಳೆ ಬತ್ತಿ, ಸೊಳ್ಳೆಯ ಲಿಕ್ವಿಡ್ ಮಷೀನು, ಜಿರಳೆ ಸ್ಪ್ರೇ ಯಾವುದೂ ಬೇಡ. ಅವುಗಳಲ್ಲಿರುವ ಕೀಟನಾಶಕ ಮೀನಿಗೆ ಘೋರ ವಿಷ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ, ನೆನಪಿರಲಿ. ನನ್ನ ಮೊದಲ ಆರು ಮೀನು ಹೋಗಿದ್ದು ಹೀಗೇ. ಒಂದೇ ರಾತ್ರಿಯಲ್ಲಿ.

ಹಂತ 2: ನಿಮ್ಮ ಮನೆಗೆ ಬರುವ ನೀರು ಯಾವುದು?

ಮೀನು ಯಾವುದು ಅಂತ ಯೋಚಿಸುವ ಮೊದಲು ಇದನ್ನು ನೋಡಬೇಕು. ನಗರದಲ್ಲಿ ಸಾಮಾನ್ಯವಾಗಿ ಮೂರು ನೀರು: ಭೀಮಾ ಮತ್ತು ಬೆಣ್ಣೆತೊರೆಯಿಂದ ಬರುವ ನಳದ ನೀರು, ಬೋರ್ ನೀರು, ಟ್ಯಾಂಕರ್ ನೀರು. ಸಂಪ್‌ನಲ್ಲಿ ಮೂರೂ ಬೆರೆತಿರುವ ಮನೆಗಳೇ ಹೆಚ್ಚು.

ನಳದ ನೀರಿನಲ್ಲಿ ಕ್ಲೋರಿನ್ ಇರುತ್ತದೆ. ಅದು ಮೀನಿನ ಕಿವಿರು ಸುಡುತ್ತದೆ, ನಾವು ಬೆಳೆಸುವ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ತೆರೆದ ಡ್ರಮ್‌ನಲ್ಲಿ ಏರ್ ಪಂಪ್ ಹಾಕಿ 24 ಗಂಟೆ ಬಿಟ್ಟರೆ ಹಾರಿಹೋಗುತ್ತದೆ. ಅವಸರವಿದ್ದರೆ ಆಂಟಿ ಕ್ಲೋರಿನ್ ಹನಿ ಹಾಕಿ. ಮಳೆಗಾಲದಲ್ಲಿ ನೀರು ಬ್ಲೀಚಿಂಗ್ ಪೌಡರ್ ವಾಸನೆ ಹೊಡೆದರೆ ಎರಡನ್ನೂ ಮಾಡಿ.

ಬೋರ್ ನೀರಿನಲ್ಲಿ ಸಾಮಾನ್ಯವಾಗಿ ಕ್ಲೋರಿನ್ ಇಲ್ಲ, ಗಡಸುತನ ಇದೆ. ಅಳೆಯಲು ಕಿಟ್ ಇಲ್ಲದಿದ್ದರೆ ಅಡುಗೆಮನೆಯಲ್ಲಿ ಕೇಳಿ. ಎಷ್ಟು ಕುದಿಸಿದರೂ ತೊಗರಿ ಬೇಳೆ ಬೇಯದ ನೀರು, ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟಿಸುವ ನೀರು ಗಡಸು ನೀರು. ಇದನ್ನು ಕಂಡು ಹೆದರಬೇಕಿಲ್ಲ. ಗಪ್ಪಿ, ಮೋಲಿ, ಪ್ಲಾಟಿ, ಸ್ವೋರ್ಡ್‌ಟೇಲ್ ಮೀನುಗಳಿಗೆ ಇಂಥ ನೀರೇ ಇಷ್ಟ. ಗಡಸು ನೀರಿನಲ್ಲಿ ಪಿಎಚ್ ದಿಢೀರ್ ಕುಸಿಯುವುದಿಲ್ಲ, ಹಾಗಾಗಿ ಸೈಕಲ್ ಮಧ್ಯದಲ್ಲಿ ನಿಲ್ಲುವುದೂ ಕಡಿಮೆ.

ತಪ್ಪು ಆಗುವುದು ಇನ್ನೊಂದು ಕಡೆ. ನಿಯಾನ್ ಟೆಟ್ರಾ ನೋಡಿ ಮನಸೋತು ತರುತ್ತಾರೆ. ಅದು ಮೆದು ನೀರಿನ ಮೀನು. ಆಮೇಲೆ ಅದಕ್ಕಾಗಿ ಆರ್‌ಒ ನೀರು ತುಂಬುತ್ತಾರೆ. ಬರೀ ಆರ್‌ಒ ನೀರಿನಲ್ಲಿ ಖನಿಜ ಬಹಳ ಕಡಿಮೆ, ಪಿಎಚ್ ನಿಲ್ಲುವುದಿಲ್ಲ, ಬ್ಯಾಕ್ಟೀರಿಯಾ ಸೊರಗುತ್ತದೆ. ನೀರಿಗೆ ತಕ್ಕ ಮೀನು ತನ್ನಿ. ಮೀನಿಗೆ ತಕ್ಕಂತೆ ನೀರು ಬದಲಿಸುವ ಹಟ ಎರಡನೇ ವರ್ಷಕ್ಕೆ ಇರಲಿ.

ಹಂತ 3: ಕಲ್ಲು, ಮರಳು

ಮನೆಯ ಹಿತ್ತಿಲಲ್ಲಿ ಬಿದ್ದಿರುವ ಶಹಾಬಾದ್ ಪರಸಿ ತುಂಡುಗಳನ್ನು ಒಡೆದು ಗುಹೆ ಕಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಬೇಡ. ಅದು ಸುಣ್ಣದ ಕಲ್ಲು. ನಿಧಾನವಾಗಿ ಕರಗಿ ನೀರನ್ನು ಇನ್ನೂ ಗಡಸು ಮಾಡುತ್ತದೆ, ಪಿಎಚ್ ಮೇಲೆಯೇ ಹಿಡಿದಿಡುತ್ತದೆ. ಈಗಾಗಲೇ ಗಡಸಾದ ನೀರಿಗೆ ಇದೊಂದು ಬೇಕೇ? ಯಾವ ಕಲ್ಲಾದರೂ ಒಣಗಿಸಿ ಮೇಲೆ ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ಗುಳ್ಳೆ ಬಂದರೆ ಹೊರಗಿಡಿ.

ಬೀದರ್ ಕಡೆಯವರಿಗೆ ಕೆಂಪು ಜಂಬಿಟ್ಟಿಗೆ ಕಲ್ಲು ಸುಲಭವಾಗಿ ಸಿಗುತ್ತದೆ. ಅದೂ ಬೇಡ, ಪುಡಿ ಉದುರಿ ನೀರು ಕೆಂಪಾಗುತ್ತದೆ. ಆಳಂದ ಕಡೆಯ ಗಟ್ಟಿ ಕಪ್ಪು ಕಲ್ಲು ಒಳ್ಳೆಯದು. ತಳಕ್ಕೆ 3ರಿಂದ 4 ಎಂ.ಎಂ. ಹರಳು, ಎರಡು ಇಂಚು ದಪ್ಪ ಸಾಕು. ಹರಳನ್ನು ಬಕೆಟ್‌ನಲ್ಲಿ ಅಕ್ಕಿ ತೊಳೆದ ಹಾಗೆ ತೊಳೆಯಿರಿ. ಎಂಟು ಹತ್ತು ಸಲ ಬೇಕಾದೀತು. ಸೋಪು, ಸರ್ಫು ಮುಟ್ಟಿಸಬೇಡಿ. ಗುಲಾಬಿ, ನೀಲಿ ಬಣ್ಣ ಬಳಿದ ಹರಳು ನನಗೆ ಇಷ್ಟವಿಲ್ಲ, ಅಗ್ಗದ್ದಾದರೆ ಬಣ್ಣವೂ ಬಿಡುತ್ತದೆ.

ಹಂತ 4: ಫಿಲ್ಟರ್, ಹೀಟರ್, ಕರೆಂಟು

ಇಲ್ಲಿ ನನ್ನ ಆಯ್ಕೆ ಸ್ಪಾಂಜ್ ಫಿಲ್ಟರ್. ನೋಡಲು ಚೆಂದವಿಲ್ಲ, ಸುಮ್ನೆ ಗುಳ್ಳೆ ಬಿಡುತ್ತಾ ಕೂತಿರುತ್ತದೆ. ಆದರೆ ಬ್ಯಾಕ್ಟೀರಿಯಾ ಮನೆ ಮಾಡಲು ಸ್ಪಾಂಜಿನಷ್ಟು ಜಾಗ ಬೇರೆಲ್ಲಿ? ಅದನ್ನು ಓಡಿಸುವ ಏರ್ ಪಂಪ್ ಮೂರೋ ಐದೋ ವ್ಯಾಟ್ ತಿನ್ನುತ್ತದೆ, ಇನ್ವರ್ಟರ್‌ಗೆ ಅದೊಂದು ಭಾರವೇ ಅಲ್ಲ. ಇನ್ವರ್ಟರ್ ಇಲ್ಲದವರು ಚಾರ್ಜ್ ಆಗುವ ಏರ್ ಪಂಪ್ ತರಬಹುದು. ಕರೆಂಟು ಹೋದ ತಕ್ಷಣ ಅದು ತಾನೇ ಶುರುವಾಗುತ್ತದೆ.

ಕರೆಂಟು ಹೋಗುವುದು ಇಲ್ಲಿ ಸಣ್ಣ ವಿಷಯವಲ್ಲ. ಈ ಬ್ಯಾಕ್ಟೀರಿಯಾಕ್ಕೆ ಆಮ್ಲಜನಕ ಬೇಕು. ಮುಚ್ಚಿದ ಡಬ್ಬಿಯಂಥ ಫಿಲ್ಟರ್ ಕೆಲವು ಗಂಟೆ ನಿಂತರೆ ಒಳಗಿನ ನೀರು ಕೊಳೆಯಲು ಶುರುವಾಗುತ್ತದೆ. ತೆರೆದ ಸ್ಪಾಂಜ್‌ಗೆ ಆ ಭಯ ಕಡಿಮೆ. ಏನೂ ಇಲ್ಲದಾಗ ಮಗ್ಗಿನಲ್ಲಿ ನೀರೆತ್ತಿ ಒಂದು ಅಡಿ ಮೇಲಿಂದ ಸುರಿಯುತ್ತಿರಿ. ಕರೆಂಟಿಲ್ಲದ ಹೊತ್ತಿನಲ್ಲಿ ಕಾಳು ಹಾಕಬೇಡಿ.

ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ. ಇಲ್ಲದಿದ್ದರೆ ಪಂಪ್ ನಿಂತಾಗ ನೀರು ಹಿಂದಕ್ಕೆ ಹರಿದು ಪಂಪು, ನೆಲ ಎರಡೂ ಒದ್ದೆ. ಎಲ್ಲ ವೈರುಗಳೂ ಪ್ಲಗ್‌ಗಿಂತ ಕೆಳಗೆ ಒಮ್ಮೆ ಜೋತು ಆಮೇಲೆ ಮೇಲೇರಲಿ. ವೈರ್ ಹಿಡಿದು ಇಳಿಯುವ ನೀರು ಅಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ ಒಳಗೆ ಹೋಗುವುದಿಲ್ಲ.

ಹೀಟರ್ 50 ವ್ಯಾಟ್‌ನದು ಸಾಕು. ಕಲಬುರಗಿ, ಯಾದಗಿರಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳಿಗೆ ಮಾತ್ರ ಬೇಕಾಗುತ್ತದೆ. ಬೀದರ್‌ನಲ್ಲಿ ಚಳಿ ಇನ್ನಷ್ಟು, ಅಲ್ಲಿ ಬಿಡುವಂತಿಲ್ಲ. ಥರ್ಮಾಮೀಟರ್ ಎಲ್ಲರಿಗೂ ಬೇಕು. ನೀರಿಗೆ ಕೈ ಹಾಕುವ ಮೊದಲು ಹೀಟರ್ ಪ್ಲಗ್ ತೆಗೆಯಿರಿ.

ಜನ ಹಣ ಉಳಿಸಲು ಬಿಟ್ಟುಬಿಡುವ ವಸ್ತು ಟೆಸ್ಟ್ ಕಿಟ್. ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಪಿಎಚ್ ಅಳೆಯುವ ಹನಿಗಳ ಕಿಟ್ ತನ್ನಿ. ಅಗ್ಗವಲ್ಲ, ಗೊತ್ತು. ಅದಿಲ್ಲದೆ ಮುಂದಿನ ಹಂತ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ.

ಹಂತ 5: ನೀರು ತುಂಬುವುದು

ಹರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನವಾಗಿ ನೀರು ಸುರಿಯಿರಿ. ಅರ್ಧ ತುಂಬಿದ ಮೇಲೆ ಒಂದು ಗಂಟೆ ಬಿಟ್ಟು ಮೂಲೆಗಳಿಗೆ ಒಣ ಕಾಗದ ಒತ್ತಿ ನೋಡಿ, ಸೋರುತ್ತಿದ್ದರೆ ಈಗಲೇ ಗೊತ್ತಾಗಲಿ. ಎಷ್ಟು ಕೊಡ ನೀರು ಹಿಡಿಯಿತು ಅಂತ ಎಣಿಸಿ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ. ಮುಂದೆ ಎಲ್ಲ ಲೆಕ್ಕಕ್ಕೂ ಅದೇ ಬೇಕು. ಗಿಡ ಹಾಕುವುದಿದ್ದರೆ ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್ ಗಡಸು ನೀರಿನಲ್ಲಿ ಚೆನ್ನಾಗಿ ಬರುತ್ತವೆ. ಫಿಲ್ಟರ್ ಚಾಲೂ ಮಾಡಿ. ಇನ್ನು ಅದು ನಿಲ್ಲಬಾರದು, ರಾತ್ರಿ ಕೂಡ. ‘ಮಲಗುವಾಗ ಬಂದ್ ಮಾಡ್ತೀವ್ರಿ, ಸಪ್ಪಳ ಆಗ್ತದ’ ಎನ್ನುವವರು ಬೆಳೆಯುತ್ತಿರುವ ಬ್ಯಾಕ್ಟೀರಿಯಾವನ್ನು ದಿನವೂ ಹಿಂದಕ್ಕೆ ಎಳೆಯುತ್ತಿದ್ದೀರಿ.

ಹಂತ 6: ಸೈಕಲ್, ಮೀನಿಲ್ಲದೆ

ಬ್ಯಾಕ್ಟೀರಿಯಾ ಬೆಳೆಯಬೇಕಾದರೆ ಅದಕ್ಕೆ ಊಟ ಬೇಕು. ಅದರ ಊಟ ಅಮೋನಿಯಾ. ಮೀನಿಲ್ಲದ ಟ್ಯಾಂಕ್‌ಗೆ ಅದನ್ನು ನಾವೇ ಹಾಕಬೇಕು.

ಅಳತೆ ಸಿಗುವ ದಾರಿ ಅಮೋನಿಯಂ ಕ್ಲೋರೈಡ್. ಪಾತ್ರೆಗೆ ಕಲಾಯಿ ಹಾಕುವವರು ಬಳಸುವ ನವಸಾಗರ ಇದೇ ಉಪ್ಪು. ಆದರೆ ಅದು ಶುದ್ಧವಿರುವ ಖಾತ್ರಿ ಇಲ್ಲ, ಕಾಲೇಜು ಲ್ಯಾಬ್‌ಗಳಿಗೆ ಕೆಮಿಕಲ್ ಮಾರುವ ಅಂಗಡಿಯಿಂದ ತನ್ನಿ. 10 ಗ್ರಾಂ ಉಪ್ಪನ್ನು 1 ಲೀಟರ್ ನೀರಿನಲ್ಲಿ ಕರಗಿಸಿ, ಬಾಟಲಿಯ ಮೇಲೆ ದೊಡ್ಡದಾಗಿ ‘ವಿಷ’ ಎಂದು ಬರೆದು ಮಕ್ಕಳ ಕೈಗೆ ಸಿಗದ ಹಾಗೆ ಇಡಿ. 50 ಲೀಟರ್ ಟ್ಯಾಂಕ್‌ಗೆ ಈ ನೀರು 30 ಎಂ.ಎಲ್. ಹಾಕಿದರೆ ಅಮೋನಿಯಾ ಸುಮಾರು 2 ಪಿಪಿಎಂಗೆ (ಲೀಟರಿಗೆ 2 ಮಿಲಿಗ್ರಾಂ) ಬರುತ್ತದೆ. ಅರ್ಧ ಗಂಟೆ ಬಿಟ್ಟು ಟೆಸ್ಟ್ ಮಾಡಿ ಖಚಿತ ಮಾಡಿಕೊಳ್ಳಿ. ಬೇಗ ಆಗಲಿ ಅಂತ 5, 6 ಪಿಪಿಎಂಗೆ ಏರಿಸಬೇಡಿ, ಬ್ಯಾಕ್ಟೀರಿಯಾಕ್ಕೇ ಅದು ಹೆಚ್ಚಾಗುತ್ತದೆ.

ಇದು ಸಿಗದವರು ದಿನಕ್ಕೊಂದು ಚಿಟಿಕೆ ಮೀನಿನ ಕಾಳು ಹಾಕಬಹುದು. ಕೊಳೆತು ಅಮೋನಿಯಾ ಆಗುತ್ತದೆ. ನಡೆಯುತ್ತದೆ, ಆದರೆ ನಿಧಾನ, ಗಲೀಜು, ಲೆಕ್ಕವೂ ಸಿಗುವುದಿಲ್ಲ.

ಮೊದಲ ವಾರ ಅಮೋನಿಯಾ ಅಲುಗುವುದಿಲ್ಲ. ಎರಡನೆಯ ದಿನದಿಂದ ಐದನೆಯ ದಿನದ ನಡುವೆ ನೀರು ಗಂಜಿಯಂತೆ ಬೆಳ್ಳಗಾಗಬಹುದು. ಎಲ್ಲರೂ ಸೋಲುವುದು ಇಲ್ಲೇ. ಕೈ ಕಟ್ಟಿಕೊಂಡು ಕೂಡಿ. ಅದು ಬೇರೆ ಜಾತಿಯ ಬ್ಯಾಕ್ಟೀರಿಯಾ, ತಾನೇ ಇಳಿಯುತ್ತದೆ. ನೀರು ಚೆಲ್ಲಬೇಡಿ, ಸ್ಪಾಂಜ್ ತೊಳೆಯಬೇಡಿ.

ಎರಡನೆಯ ವಾರದ ಸುಮಾರಿಗೆ ಅಮೋನಿಯಾ ಇಳಿದು ನೈಟ್ರೈಟ್ ಕಾಣಿಸುತ್ತದೆ. ಅಮೋನಿಯಾ 0.5ಕ್ಕಿಂತ ಕೆಳಗೆ ಬಂದಾಗಲೆಲ್ಲ ಮತ್ತೆ ಹಾಕಿ, ಆದರೆ ಈಗ ಅರ್ಧ ಪಾಲು, 15 ಎಂ.ಎಲ್. ನೈಟ್ರೈಟ್ ಏರುತ್ತಲೇ ಹೋಗಿ ಕಿಟ್‌ನ ಕೊನೆಯ ಬಣ್ಣವನ್ನೂ ದಾಟಿದರೆ ಅರ್ಧ ನೀರು ಬದಲಿಸಿ. ಎರಡನೆಯ ಗುಂಪಿನ ಬ್ಯಾಕ್ಟೀರಿಯಾ ನಿಧಾನ ಸ್ವಭಾವದ್ದು. ಎರಡು ವಾರ ಏನೂ ಬದಲಾಗದೆ ನಿಂತ ಹಾಗೆ ಕಂಡರೂ ಅದು ಕೆಟ್ಟ ಸೂಚನೆ ಅಲ್ಲ. ಈ ಹೊತ್ತಿಗೆ ಗಾಜಿನ ಮೇಲೆ ಕಂದು ಧೂಳಿನಂಥ ಪಾಚಿ ಬರುತ್ತದೆ, ಒರೆಸಿದರೆ ಹೋಗುತ್ತದೆ.

ಒಂದು ಅಡ್ಡದಾರಿ ನಿಜವಾಗಿಯೂ ಕೆಲಸ ಮಾಡುತ್ತದೆ. ಗೆಳೆಯರ ಮನೆಯಲ್ಲಿ ಹಳೆಯ, ಆರೋಗ್ಯವಾದ ಟ್ಯಾಂಕ್ ಇದ್ದರೆ ಅವರ ಸ್ಪಾಂಜಿನ ಒಂದು ತುಂಡು ಕೇಳಿ. ಅದೇ ಟ್ಯಾಂಕ್‌ನ ನೀರಿನಲ್ಲಿ ಮುಳುಗಿಸಿಕೊಂಡು ಬಂದು ನಿಮ್ಮ ಫಿಲ್ಟರ್ ಪಕ್ಕ ಇಡಿ. ಮೊಸರಿಗೆ ಹೆಪ್ಪು ಹಾಕಿದ ಹಾಗೆ. ಎರಡು ವಾರದಲ್ಲೇ ಮುಗಿದರೂ ಮುಗಿಯಿತು. ಬರೀ ಹಳೆಯ ನೀರು ತಂದರೆ ಪ್ರಯೋಜನವಿಲ್ಲ, ಬ್ಯಾಕ್ಟೀರಿಯಾ ಇರುವುದು ಸ್ಪಾಂಜಿನಲ್ಲಿ, ಕಲ್ಲಿನ ಮೇಲೆ.

ಮುಗಿಯಿತೋ ಇಲ್ಲವೋ ತಿಳಿಯುವುದು ಹೀಗೆ: ಪೂರ್ತಿ 30 ಎಂ.ಎಲ್. ಹಾಕಿ. 24 ಗಂಟೆಯ ನಂತರ ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ ಏರಿರಬೇಕು. ಒಂದು ದಿನ ಬಂದರೆ ಸಾಲದು, ಸತತ ಮೂರು ದಿನ ಬರಲಿ.

ಮೀನು ಈಗಾಗಲೇ ಬಿಟ್ಟುಬಿಟ್ಟಿದ್ದರೆ

ಓದುತ್ತಿರುವವರಲ್ಲಿ ಅರ್ಧ ಜನ ಈ ಸ್ಥಿತಿಯಲ್ಲೇ ಇರುತ್ತೀರಿ, ಅಲ್ವಾ? ದಿನವೂ ಟೆಸ್ಟ್ ಮಾಡಿ. ಅಮೋನಿಯಾ ಅಥವಾ ನೈಟ್ರೈಟ್ 0.25 ದಾಟಿದ ದಿನ ಮೂರನೆಯ ಒಂದು ಪಾಲು ನೀರು ಬದಲಿಸಿ. ಕ್ಲೋರಿನ್ ಹೋದ, ಅದೇ ಬಿಸಿಯ ನೀರು. ಕಾಳು ಎರಡು ದಿನಕ್ಕೊಮ್ಮೆ, ಒಂದೇ ಚಿಟಿಕೆ. ಟ್ಯಾಂಕ್‌ನಲ್ಲಿರುವುದು ಗಪ್ಪಿ, ಮೋಲಿಗಳಾದರೆ ಲೀಟರಿಗೆ 1 ಗ್ರಾಂ ಹರಳುಪ್ಪು ಕರಗಿಸಿ ಹಾಕಿ, ನೈಟ್ರೈಟ್ ಅವುಗಳ ರಕ್ತಕ್ಕೆ ಇಳಿಯುವುದನ್ನು ಅದು ತಡೆಯುತ್ತದೆ. ನೀಲಿ ಔಷಧ ಬೇಡ. ಅದು ಈಗಷ್ಟೇ ಹುಟ್ಟುತ್ತಿರುವ ಬ್ಯಾಕ್ಟೀರಿಯಾಕ್ಕೂ ಪೆಟ್ಟು ಕೊಡುತ್ತದೆ. ಹೊಸ ಮೀನಂತೂ ತರಲೇಬೇಡಿ.

ಹಂತ 7: ಮೀನು ತರುವ ದಿನ

ಹಿಂದಿನ ದಿನ ಮುಕ್ಕಾಲು ಪಾಲು ನೀರು ಬದಲಿಸಿ ನೈಟ್ರೇಟನ್ನು 20 ಪಿಪಿಎಂ ಆಸುಪಾಸಿಗೆ ಇಳಿಸಿ. ಮೊದಲ ಕಂತಿಗೆ ಆರು ಗಪ್ಪಿ ಅಥವಾ ನಾಲ್ಕು ಪ್ಲಾಟಿ ಸಾಕು. ಎರಡು ವಾರ ಎಲ್ಲ ಸರಿ ಇದ್ದರೆ ಮತ್ತೆ ನಾಲ್ಕು. ಗಪ್ಪಿಯಲ್ಲಿ ಗಂಡನ್ನಷ್ಟೇ ತರುವುದು ಜಾಣತನ. ಹೆಣ್ಣಿದ್ದರೆ ಸುಮಾರು ತಿಂಗಳಿಗೊಮ್ಮೆ ಮರಿ ಹಾಕುತ್ತದೆ, ಆಮೇಲೆ ಓಣಿಯವರೆಲ್ಲ ನಿಮ್ಮನ್ನು ತಪ್ಪಿಸಿಕೊಂಡು ಓಡಾಡುತ್ತಾರೆ.

ಅಂಗಡಿಯಲ್ಲಿ ‘ಈ ಸಕ್ಕರ್ ಮೀನು ಹೊಲಸೆಲ್ಲ ತಿಂದು ಟ್ಯಾಂಕ್ ಸಾಫ್ ಇಡ್ತದ ಕಾಕಾ’ ಎನ್ನುತ್ತಾರೆ. ತಿನ್ನುವುದಿಲ್ಲ. ಅದೇ ಎಲ್ಲರಿಗಿಂತ ಜಾಸ್ತಿ ಹೊಲಸು ಮಾಡುತ್ತದೆ, ಒಂದು ಅಡಿ ದಾಟಿ ಬೆಳೆಯುತ್ತದೆ. ಬೆಳೆದ ಮೇಲೆ ಕಲಬುರಗಿ ಊರೊಳಗಿನ ಅಪ್ಪನ ಕೆರೆಗೆ ಬಿಟ್ಟು ಬರುವವರೂ ಇದ್ದಾರೆ, ಅದು ಇನ್ನೂ ದೊಡ್ಡ ತಪ್ಪು. ಹೊರದೇಶದ ಈ ಮೀನು ನಮ್ಮ ಕೆರೆ ಹೊಳೆಗಳ ಮೀನಿನ ಬಾಯಿಗೆ ಮಣ್ಣು ಹಾಕುತ್ತದೆ. ಗೋಲ್ಡ್ ಫಿಶ್ ಕೂಡ 50 ಲೀಟರ್‌ಗೆ ಬೇಡ.

ಮೀನಿನ ಚೀಲವನ್ನು 15-20 ನಿಮಿಷ ಟ್ಯಾಂಕ್‌ನಲ್ಲಿ ತೇಲಿಬಿಡಿ. ಬಾಯಿ ಬಿಚ್ಚಿ, ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕ್ ನೀರು ಸೇರಿಸಿ. ನಾಲ್ಕು ಸಲ ಆದ ಮೇಲೆ ಬಲೆಯಲ್ಲಿ ಮೀನನ್ನು ಮಾತ್ರ ಎತ್ತಿ ಬಿಡಿ. ಚೀಲದ ನೀರು ಮೋರಿಗೆ. ಆ ದಿನ ಲೈಟು ಬೇಡ, ಕಾಳೂ ಬೇಡ.

ಹಂತ 8: ವಾರದ ಕೆಲಸ

ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸುವುದು. ತೆಗೆದ ನೀರನ್ನು ಬಕೆಟ್‌ನಲ್ಲಿ ಹಿಡಿದು, ಸ್ಪಾಂಜ್ ಕಟ್ಟಿಕೊಂಡಿದ್ದರೆ ಅದೇ ನೀರಿನಲ್ಲಿ ಎರಡು ಸಲ ಹಿಂಡಿ. ನಳದ ಕೆಳಗೆ ಹಿಡಿದರೆ ಐದು ವಾರದ ಕೆಲಸ ಐದು ನಿಮಿಷದಲ್ಲಿ ಮೋರಿ ಸೇರುತ್ತದೆ. ಆ ಬಕೆಟ್ ನೀರು ತುಳಸಿಗೆ, ಮಲ್ಲಿಗೆಗೆ ಒಳ್ಳೆಯ ಗೊಬ್ಬರ. ಕಾಳು ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಮನೆಯಲ್ಲಿ ಒಬ್ಬರೇ ಹಾಕಲಿ. ಅಜ್ಜಿ ಒಂದು ಸಲ, ಮೊಮ್ಮಗ ಎರಡು ಸಲ, ಬಂದ ನೆಂಟರು ಒಂದು ಸಲ ಹಾಕಿದರೆ ಯಾವ ಬ್ಯಾಕ್ಟೀರಿಯಾ ತಾನೇ ತಡೆದೀತು?

ಯಾವಾಗ ಎದ್ದು ಓಡಬೇಕು

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೊದಲು ಥರ್ಮಾಮೀಟರ್ ನೋಡಿ, ಆಮೇಲೆ ಟೆಸ್ಟ್ ಮಾಡಿ. ಎರಡು ಕಾರಣ ಇರಬಹುದು. ಕಿವಿರು ಕೆಂಪಗೆ ಉರಿದಂತಿದ್ದು, ರೆಕ್ಕೆ ಮೈಗೆ ಅಂಟಿಸಿಕೊಂಡಿದ್ದರೆ ಅಮೋನಿಯಾ ಇರಬೇಕು. ತಕ್ಷಣ ಅರ್ಧ ನೀರು ಬದಲಿಸಿ, ಕಾಳು ನಿಲ್ಲಿಸಿ. ಟೆಸ್ಟ್ ಸೊನ್ನೆ ತೋರಿಸಿ ನೀರು 33, 34 ಡಿಗ್ರಿ ಇದ್ದರೆ ಅದು ಉಸಿರಿನ ತೊಂದರೆ. 25 ಡಿಗ್ರಿಯಲ್ಲಿ ಲೀಟರ್ ನೀರು ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ, 35ರಲ್ಲಿ 7 ಮಾತ್ರ. ಅದೇ ಬಿಸಿಯಲ್ಲಿ ಮೀನಿಗೆ ಬೇಕಾಗುವುದು ಇನ್ನೂ ಜಾಸ್ತಿ.

ಬೇಸಿಗೆಗೆ ನನ್ನ ಮದ್ದು ಟೇಬಲ್ ಫ್ಯಾನ್. ಮುಚ್ಚಳ ತೆಗೆದು ಜಾಳಿಗೆ ಹಾಕಿ, ನೀರಿನ ಮೇಲ್ಮೈಗೆ ಗಾಳಿ ಬಡಿಯುವ ಹಾಗೆ ಇಡಿ. ನೀರು ಆವಿಯಾಗುತ್ತಾ ಎರಡು ಮೂರು ಡಿಗ್ರಿ ಇಳಿಯುತ್ತದೆ. ನಮ್ಮ ಒಣ ಬಿಸಿಲಿನಲ್ಲಿ ಇದು ಚೆನ್ನಾಗಿ ನಡೆಯುತ್ತದೆ. ಐಸ್ ಗಡ್ಡೆ ಸುರಿಯಬೇಡಿ, ದಿಢೀರ್ ತಂಪೂ ಕೊಲ್ಲುತ್ತದೆ. ಫ್ಯಾನ್ ಹಾಕಿದರೆ ನೀರು ಬೇಗ ಇಳಿಯುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪಿನಂಶ ಟ್ಯಾಂಕ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಇಳಿದ ಮಟ್ಟ ತುಂಬಲು ಬೋರ್ ನೀರು ಬೇಡ. ಆರ್‌ಒ ನೀರು ನಿಜವಾಗಿ ಕೆಲಸಕ್ಕೆ ಬರುವುದು ಇಲ್ಲಿ: ಮೇ ತಿಂಗಳಲ್ಲಿ ದಿನಕ್ಕೊಂದು ತಂಬಿಗೆ, ಸಂಜೆ ಬಿಸಿಲು ಇಳಿದ ಮೇಲೆ.